ಫಾರ್ಚ್ಯೂನ್ ಕುಕಿ ಯಾರದು? ಜಪಾನ್‌ಟೌನ್ ಊಟದ ಹಿಂದಿನ ಇತಿಹಾಸ

ಬೇ ಏರಿಯಾದಲ್ಲಿ ಒಳ್ಳೆಯ ಜಪಾನೀ ಊಟ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಹೆಚ್ಚಿನವರು ಸ್ಯಾನ್ ಫ್ರಾನ್ಸಿಸ್ಕೋದ ಜಪಾನ್‌ಟೌನ್ ಹೆಸರು ಹೇಳುತ್ತಾರೆ. ಗೇರಿ ರಸ್ತೆಯ ಪಕ್ಕದಲ್ಲಿ ಸುಮಾರು ಆರು ಬ್ಲಾಕ್‌ಗಳಷ್ಟು ಜಾಗ. ಅಷ್ಟರಲ್ಲೇ ರಾಮೆನ್, ಊದೋನ್, ಸುಶಿ, ಸಿಹಿತಿಂಡಿ ಎಲ್ಲವೂ ಸಿಗುತ್ತದೆ. ಆದರೆ ಎರಡನೇ ಮಹಾಯುದ್ಧಕ್ಕೆ ಮುಂಚೆ ಈ ಪೇಟೆ ಸುಮಾರು 30 ಬ್ಲಾಕ್‌ಗಳಲ್ಲಿ ಹರಡಿತ್ತು. ಆಗ ಜಪಾನೀ ಮೂಲದ 5,000ಕ್ಕೂ ಹೆಚ್ಚು ಜನ ಈ ನಗರದಲ್ಲಿದ್ದರು. 30 ಬ್ಲಾಕ್ ಆರಾಗಿದ್ದು ಹೇಗೆ? ಇದಕ್ಕೆ ಉತ್ತರ ಹುಡುಕಲು ಒಂದು ಸಣ್ಣ ಬಿಸ್ಕತ್ತಿನಿಂದ ಶುರು ಮಾಡಬಹುದು.

ಭೂಕಂಪದ ನಂತರ ಬೆಳೆದ ಪೇಟೆ

1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ಭೂಕಂಪವಾಯಿತು. ಅದರ ಹಿಂದೆಯೇ ಬೆಂಕಿ ಹತ್ತಿ ನಗರದ ಬಹುಭಾಗ ಸುಟ್ಟುಹೋಯಿತು. ಅಲ್ಲಿಯವರೆಗೆ ಚೈನಾಟೌನ್ ಸುತ್ತಮುತ್ತ ಮತ್ತು ಮಾರ್ಕೆಟ್ ಸ್ಟ್ರೀಟ್‌ನ ದಕ್ಷಿಣಕ್ಕೆ ಇದ್ದ ಜಪಾನೀ ಕುಟುಂಬಗಳು, ಬೆಂಕಿ ಮುಟ್ಟದ ವೆಸ್ಟರ್ನ್ ಅಡಿಷನ್ ಎಂಬ ಬಡಾವಣೆಗೆ ಬಂದವು. ಅದೇ ವರ್ಷ ಸುಯೆಯಿಚಿ ಒಕಾಮುರಾ ಎಂಬವರು ಬೆಂಕ್ಯೋಡೋ ಎಂಬ ಸಿಹಿತಿಂಡಿ ಅಂಗಡಿ ತೆರೆದರು. ಅಲ್ಲಿ ಮಾಡುತ್ತಿದ್ದದ್ದು ಮೋಚಿ ಮತ್ತು ಮಂಜು. ಮೋಚಿ ಎಂದರೆ ಅಂಟಕ್ಕಿಯ ಮೆತ್ತನೆಯ ಹಿಟ್ಟಿನೊಳಗೆ ಅಜುಕಿ ಎಂಬ ಕೆಂಪು ಕಾಳಿನ ಸಿಹಿ ಹೂರಣ. ಗಣೇಶನ ಹಬ್ಬದ ಕಡುಬು ತಿಂದವರಿಗೆ ಇದು ದೂರದ ನೆಂಟನ ಹಾಗೆ ಕಾಣುತ್ತದೆ.

ಬಿಸ್ಕತ್ತಿನ ಕಥೆ

ಗೋಲ್ಡನ್ ಗೇಟ್ ಪಾರ್ಕ್‌ನಲ್ಲಿರುವ ಜಪಾನೀ ಟೀ ಗಾರ್ಡನ್ 1894ರ ವಸ್ತುಪ್ರದರ್ಶನಕ್ಕಾಗಿ ಶುರುವಾದದ್ದು. ಮಕೋಟೋ ಹಗಿವಾರಾ ಎಂಬವರು ಅದನ್ನು ತೋಟವಾಗಿ ಬೆಳೆಸಿದರು. ಅಲ್ಲಿ ಚಹಾದ ಜೊತೆ ಒಳಗೆ ಚೀಟಿ ಇಟ್ಟು ಮಡಿಸಿದ ಬಿಸ್ಕತ್ತು ಕೊಡುತ್ತಿದ್ದರು. ಅದನ್ನು ಮಾಡಿಕೊಡುತ್ತಿದ್ದದ್ದು ಬೆಂಕ್ಯೋಡೋ. ಜಪಾನಿನ ಕ್ಯೋಟೋ ಕಡೆ ದೇವಸ್ಥಾನಗಳ ಹತ್ತಿರ ಇಂಥದೇ ಚೀಟಿ ಬಿಸ್ಕತ್ತುಗಳನ್ನು ಮೊದಲಿನಿಂದಲೂ ಮಾಡುತ್ತಿದ್ದರು. ಇಂದು ಅದನ್ನೇ ನಾವು ಫಾರ್ಚ್ಯೂನ್ ಕುಕಿ ಎನ್ನುತ್ತೇವೆ. ಆದರೆ ಅದು ಸಿಗುವುದು ಚೀನೀ ಹೋಟೆಲಿನಲ್ಲಿ! ಚೀನಾದಲ್ಲಿ ಊಟದ ಕೊನೆಗೆ ಅದನ್ನು ಕೊಡುವ ಪದ್ಧತಿಯೇ ಇಲ್ಲ.

ಈ ಬಿಸ್ಕತ್ತು ಕೈ ಬದಲಾಯಿಸಿದ್ದು ಯಾವಾಗ?

1942

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಅದರಿಂದಾಗಿ ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳು. ಕೈಯಲ್ಲಿ ಹೊರುವಷ್ಟು ಸಾಮಾನು ಮಾತ್ರ ತರಬಹುದಿತ್ತು.

ಬೇ ಏರಿಯಾದ ಹೆಚ್ಚಿನವರನ್ನು ಮೊದಲು ಸ್ಯಾನ್ ಬ್ರೂನೋದ ಟ್ಯಾನ್‌ಫೊರಾನ್ ಕುದುರೆ ರೇಸ್ ಮೈದಾನಕ್ಕೆ ಕರೆದೊಯ್ದರು. ಅನೇಕ ಕುಟುಂಬಗಳಿಗೆ ಸಿಕ್ಕಿದ್ದು ಕುದುರೆ ಲಾಯ. ಕೆಲವು ತಿಂಗಳ ನಂತರ ಯೂಟಾ ಮರುಭೂಮಿಯ ಟೋಪಾಜ್ ಶಿಬಿರಕ್ಕೆ ಕಳಿಸಿದರು. ಅಲ್ಲಿ ಮನೆಯಡುಗೆ ಇಲ್ಲ. ಎಲ್ಲರೂ ಸಾಲಿನಲ್ಲಿ ನಿಂತು ಶಿಬಿರದ ಅಡುಗೆಮನೆ ಕೊಟ್ಟದ್ದನ್ನು ತಿನ್ನಬೇಕಿತ್ತು.

ಜಪಾನ್‌ಟೌನ್ ಖಾಲಿಯಾಯಿತು. ಬೆಂಕ್ಯೋಡೋ ಮುಚ್ಚಿತು. ಹಗಿವಾರಾ ಕುಟುಂಬವೂ ತೋಟ ಬಿಡಬೇಕಾಯಿತು. ತೋಟದ ಹೆಸರಿನಿಂದ ‘ಜಪಾನೀ’ ಎಂಬ ಪದವನ್ನೇ ತೆಗೆದು ‘ಓರಿಯಂಟಲ್ ಟೀ ಗಾರ್ಡನ್’ ಎಂದು ಕರೆದರು. ಹಳೆಯ ಹೆಸರು ಮರಳಿ ಬಂದದ್ದು 1952ರಲ್ಲಿ. ಬಿಸ್ಕತ್ತು ಮಾಡುವ ಜಪಾನೀಯರು ಶಿಬಿರದಲ್ಲಿದ್ದಾಗ ಚೀನೀ ಅಮೆರಿಕನ್ ಬೇಕರಿಗಳು ಆ ಕೆಲಸ ಮುಂದುವರಿಸಿದವು. ಯುದ್ಧ ಮುಗಿಯುವಷ್ಟರಲ್ಲಿ ಅದು ಚೀನೀ ತಿಂಡಿ ಎಂದೇ ಜನ ನಂಬಿದರು. ಇದರಲ್ಲಿ ಚೀನೀಯರ ತಪ್ಪೇನೂ ಇಲ್ಲ. ಮಾಡುವವರನ್ನೇ ಊರಿನಿಂದ ಕಳಿಸಿಬಿಟ್ಟರೆ ಅವರ ತಿಂಡಿಯ ಹೆಸರೂ ಉಳಿಯುವುದಿಲ್ಲ.

ಎರಡು ತೀರ್ಪು

1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಅಣಕು ನ್ಯಾಯಾಲಯ ಫಾರ್ಚ್ಯೂನ್ ಕುಕಿ ಹುಟ್ಟಿದ್ದು ಲಾಸ್ ಏಂಜಲೀಸ್‌ನಲ್ಲಲ್ಲ, ನಮ್ಮಲ್ಲೇ ಎಂದು ತೀರ್ಪು ಕೊಟ್ಟಿತು. ಅದೇ ವರ್ಷ, ಅದೇ ನಗರದ ನಿಜವಾದ ನ್ಯಾಯಾಲಯದಲ್ಲಿ ಇನ್ನೊಂದು ತೀರ್ಪು ಬಂತು. ಓಕ್ಲೆಂಡ್‌ನಲ್ಲಿ ಹುಟ್ಟಿದ ಫ್ರೆಡ್ ಕೊರೆಮಾಟ್ಸು 1942ರಲ್ಲಿ ಶಿಬಿರಕ್ಕೆ ಹೋಗಲು ಒಪ್ಪಲಿಲ್ಲ. ಅವರನ್ನು ಸ್ಯಾನ್ ಲಿಯಾಂಡ್ರೋದಲ್ಲಿ ಬಂಧಿಸಿದರು. 1944ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅವರ ವಿರುದ್ಧವೇ ತೀರ್ಪು ನೀಡಿತು. ಸುಮಾರು 40 ವರ್ಷಗಳ ನಂತರ, 1983ರ ನವೆಂಬರ್‌ನಲ್ಲಿ, ನ್ಯಾಯಾಧೀಶೆ ಮೆರಿಲಿನ್ ಹಾಲ್ ಪಟೇಲ್ ಅವರ ಮೇಲಿದ್ದ ಅಪರಾಧವನ್ನು ರದ್ದು ಮಾಡಿದರು. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಡುವ ಕಾನೂನು ಮಾಡಿತು. ಓಕ್ಲೆಂಡ್, ಸ್ಯಾನ್ ಲಿಯಾಂಡ್ರೋ ಎರಡೂ ನಮ್ಮ ಲಿವರ್‌ಮೋರ್ ಇರುವ ಅಲಮೀಡಾ ಕೌಂಟಿಯ ಊರುಗಳೇ.

ಶಿಬಿರದಿಂದ ವಾಪಸು ಬಂದವರ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. 1950 ಮತ್ತು 60ರ ದಶಕಗಳಲ್ಲಿ ‘ನವೀಕರಣ’ದ ಹೆಸರಿನಲ್ಲಿ ನಗರವು ಗೇರಿ ರಸ್ತೆಯನ್ನು ಅಗಲ ಮಾಡಿತು, ಬಹಳ ಮನೆ ಅಂಗಡಿಗಳನ್ನು ಕೆಡವಿತು. ಜಪಾನೀಯರ ಜೊತೆ ಅದೇ ಬಡಾವಣೆಯ ಕಪ್ಪು ಜನರ ಸಾವಿರಾರು ಕುಟುಂಬಗಳೂ ಮನೆ ಕಳೆದುಕೊಂಡವು. 1968ರಲ್ಲಿ ಜಪಾನ್ ಸೆಂಟರ್ ಎಂಬ ಮಾಲ್ ತೆರೆಯಿತು. ಇಂದು ನಾವು ಊಟಕ್ಕೆ ಹೋಗುವುದು ಹೆಚ್ಚಾಗಿ ಅಲ್ಲಿಗೇ. ಯುದ್ಧದ ನಂತರ ಮತ್ತೆ ತೆರೆದ ಬೆಂಕ್ಯೋಡೋವನ್ನು ಒಕಾಮುರಾ ಅವರ ಮೊಮ್ಮಕ್ಕಳು 2022ರ ಮಾರ್ಚ್ 31ರವರೆಗೆ ನಡೆಸಿದರು.

ನಮಗೂ ಇದಕ್ಕೂ ಏನು ಸಂಬಂಧ?

ಜಪಾನೀಯರು ಅಮೆರಿಕದ ಪ್ರಜೆಗಳಾಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1922ರಲ್ಲಿ ತಕಾವೋ ಒಜಾವಾ ಅವರಿಗೆ ಹೇಳಿತು. ಮೂರೇ ತಿಂಗಳಲ್ಲಿ, 1923ರಲ್ಲಿ, ಭಾರತೀಯರೂ ಆಗುವಂತಿಲ್ಲ ಎಂದು ಭಗತ್ ಸಿಂಗ್ ಥಿಂದ್ ಅವರಿಗೆ ಹೇಳಿತು. ಪ್ರಜೆಯಾಗಲು ಅರ್ಹತೆ ಇಲ್ಲದವರು ಕೃಷಿ ಭೂಮಿ ಕೊಳ್ಳಬಾರದು ಎಂಬ 1913ರ ಕ್ಯಾಲಿಫೋರ್ನಿಯಾ ಕಾನೂನು ಇಬ್ಬರಿಗೂ ಅನ್ವಯಿಸಿತು. ಭಾರತೀಯರಿಗೆ ಪ್ರಜೆಯಾಗುವ ಹಕ್ಕು ಬಂದದ್ದು 1946ರಲ್ಲಿ, ಜಪಾನೀಯರಿಗೆ 1952ರಲ್ಲಿ. ಡಬ್ಲಿನ್, ಫ್ರೀಮಾಂಟ್‌ನಲ್ಲಿ ನಾವು ಇಂದು ದೋಸೆಗೆ ಸಾಲು ನಿಲ್ಲುತ್ತೇವೆ. ಒಳ್ಳೆಯ ಅಡುಗೆ ಮಾಡುವವರು ಇದ್ದರೆ ಮಾತ್ರ ಇಂಥ ಹೋಟೆಲು ಉಳಿಯುವುದಿಲ್ಲ, ಅವರು ಇಲ್ಲೇ ಇರಬಹುದು ಎಂದು ಕಾನೂನೂ ಹೇಳಬೇಕು. ಜಪಾನ್‌ಟೌನ್ ನನಗೆ ಕಲಿಸಿದ್ದು ಇದನ್ನೇ.

ಹೋಗುವವರಿಗೆ

ಡಬ್ಲಿನ್‌ನಿಂದ ಬಾರ್ಟ್ ಹಿಡಿದು ಪವೆಲ್ ನಿಲ್ದಾಣದಲ್ಲಿ ಇಳಿದು, ಗೇರಿ ಮೇಲೆ ಹೋಗುವ 38ನೇ ನಂಬರ್ ಬಸ್ ಹತ್ತಿದರೆ ಜಪಾನ್‌ಟೌನ್ ಸಿಗುತ್ತದೆ. ಸಸ್ಯಾಹಾರಿಗಳು ಒಂದು ವಿಷಯ ಗಮನಿಸಿ: ಮಿಸೋ ಸೂಪ್, ಊದೋನ್ ಸಾರು, ಟೆಂಪುರಾ ಅದ್ದುವ ಸಾಸ್‌ಗಳಲ್ಲಿ ಸಾಮಾನ್ಯವಾಗಿ ‘ದಾಶಿ’ ಇರುತ್ತದೆ, ಅದು ಹೆಚ್ಚಾಗಿ ಒಣಮೀನಿನದು. ಕೇಳಿ ತೆಗೆದುಕೊಳ್ಳಿ. ಸೌತೆಕಾಯಿ ಸುಶಿ, ಕಾಳಿನ ಹೂರಣದ ಮೋಚಿ ಸುಲಭದ ಆಯ್ಕೆ. ಸಮಯವಿದ್ದರೆ ಸ್ಯಾನ್ ಬ್ರೂನೋ ಬಾರ್ಟ್ ನಿಲ್ದಾಣಕ್ಕೂ ಹೋಗಿ. ಅಲ್ಲಿಯ ಟ್ಯಾನ್‌ಫೊರಾನ್ ಸ್ಮಾರಕದಲ್ಲಿ ಇಬ್ಬರು ಪುಟ್ಟ ಹುಡುಗಿಯರ ಪ್ರತಿಮೆಗಳಿವೆ. 1942ರಲ್ಲಿ ಹೇವರ್ಡ್‌ನಲ್ಲಿ ಕೋಟಿಗೆ ಗುರುತಿನ ಚೀಟಿ ಕಟ್ಟಿಕೊಂಡು ಬಸ್ಸಿಗೆ ಕಾಯುತ್ತಿದ್ದ ಅಕ್ಕತಂಗಿಯರು ಅವರು.