ಕರ್ನಾಟಕ ಕುರಿತ ವಿದೇಶಿ ಪ್ರವಾಸ ಕಥನಗಳು

ಕರ್ನಾಟಕ ಕುರಿತ ವಿದೇಶಿ ಪ್ರವಾಸ ಕಥನಗಳು ಎಂದರೆ 15ರಿಂದ 17ನೆಯ ಶತಮಾನದವರೆಗೆ ಇಂದಿನ ಕರ್ನಾಟಕದ ಪ್ರದೇಶಗಳಿಗೆ ಬಂದ ಇಟಲಿ, ಪರ್ಷಿಯಾ, ರಷ್ಯಾ ಮತ್ತು ಪೋರ್ಚುಗಲ್ ಮೂಲದ ವರ್ತಕರು, ರಾಯಭಾರಿಗಳು ಹಾಗೂ ಯಾತ್ರಿಕರು ಬರೆದ ಅಥವಾ ಬರೆಯಿಸಿದ ವೃತ್ತಾಂತಗಳು. ವಿಜಯನಗರ ಸಾಮ್ರಾಜ್ಯ, ಬಹಮನಿ ರಾಜ್ಯ, ಕರಾವಳಿಯ ಬಂದರುಗಳು ಹಾಗೂ ಕೆಳದಿ-ಇಕ್ಕೇರಿ ನಾಯಕರ ರಾಜ್ಯವನ್ನು ಇವು ವರ್ಣಿಸುತ್ತವೆ. ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ವಿರಳವಾಗಿರುವ ಪೇಟೆ, ಉಡುಗೆ, ಊಟ, ಹಬ್ಬ, ಕೂಲಿ, ವ್ಯಾಪಾರ ಮುಂತಾದ ದಿನಬಳಕೆಯ ಸಂಗತಿಗಳು ಇವುಗಳಲ್ಲಿ ದೊರೆಯುವುದರಿಂದ ಇತಿಹಾಸ ರಚನೆಗೆ ಇವು ಮುಖ್ಯ ಆಕರಗಳಾಗಿವೆ.

ಈ ಕಥನಗಳಲ್ಲಿ ಹಲವು ಪ್ರವಾಸಿಯ ಕೈಯಿಂದ ನೇರವಾಗಿ ಓದುಗರಿಗೆ ತಲುಪಿದವಲ್ಲ. ಕೇಳಿ ಬರೆದುಕೊಂಡವರು, ಪ್ರತಿ ಮಾಡಿದವರು, ಹಸ್ತಪ್ರತಿಯನ್ನು ದೇಶದಿಂದ ದೇಶಕ್ಕೆ ಒಯ್ದವರು, ಸಂಗ್ರಹಕಾರರು, ಅನುವಾದಕರು ಮತ್ತು ಚಂದಾ ಕೊಟ್ಟು ಪ್ರಕಟಣೆಗೆ ನೆರವಾದ ಓದುಗರ ಸಂಘಗಳು ಇವನ್ನು ಉಳಿಸಿದವು. ಕೆಲವು ಬರಹಗಳು ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಅಚ್ಚಾಗದೆ ಉಳಿದು, ಅನಂತರ ಬೆಳಕಿಗೆ ಬಂದವು.

ಹಿನ್ನೆಲೆ

14ನೆಯ ಶತಮಾನದ ಮಧ್ಯಭಾಗದ ವೇಳೆಗೆ ತುಂಗಭದ್ರೆಯ ದಕ್ಷಿಣಕ್ಕೆ ವಿಜಯನಗರವೂ ಉತ್ತರಕ್ಕೆ ಬಹಮನಿ ರಾಜ್ಯವೂ ನೆಲೆಗೊಂಡಿದ್ದವು. ಎರಡೂ ರಾಜ್ಯಗಳ ಸೈನ್ಯಗಳಿಗೆ ಸಮುದ್ರದಾಚೆಯಿಂದ ಬರುವ ಕುದುರೆಗಳು ಅಗತ್ಯವಾಗಿದ್ದವು. ಹೋರ್ಮುಜಿನಿಂದ ಬಂದ ಕುದುರೆಗಳು ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ರಾಜಧಾನಿಗಳಿಗೆ ಸಾಗುತ್ತಿದ್ದವು. ಅಕ್ಕಿ, ಸಕ್ಕರೆ, ಕಬ್ಬಿಣ ಮತ್ತು ಮೆಣಸು ಹೊರದೇಶಗಳಿಗೆ ಹೋಗುತ್ತಿದ್ದವು. ಪ್ರವಾಸಿಗರಲ್ಲಿ ಹಲವರು ಈ ವ್ಯಾಪಾರದ ದಾರಿಯಲ್ಲೇ ಬಂದವರು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ವಶಪಡಿಸಿಕೊಂಡ ಮೇಲೆ ವಿಜಯನಗರಕ್ಕೆ ಬರುವ ಯುರೋಪಿಯನ್ನರ ಸಂಖ್ಯೆ ಹೆಚ್ಚಿತು.

ಪ್ರಮುಖ ಕಥನಗಳು

ನಿಕೊಲೊ ಕಾಂಟಿ

ವೆನಿಸ್ಸಿನ ವರ್ತಕ ನಿಕೊಲೊ ಕಾಂಟಿಯು ಸುಮಾರು 1420ರಲ್ಲಿ ವಿಜಯನಗರವನ್ನು ಕಂಡನು. ಪ್ರವಾಸದ ಕಾಲದಲ್ಲಿ ಪ್ರಾಣ ಉಳಿಸಿಕೊಳ್ಳಲು ಅವನು ಕ್ರೈಸ್ತ ಮತವನ್ನು ತೊರೆಯಬೇಕಾಗಿ ಬಂದಿತ್ತು. ಊರಿಗೆ ಮರಳಿದ ಮೇಲೆ ನಾಲ್ಕನೆಯ ಯುಜೀನಿಯಸ್ ಪೋಪನಲ್ಲಿ ಕ್ಷಮೆ ಬೇಡಿದಾಗ, ತಾನು ಕಂಡದ್ದನ್ನೆಲ್ಲ ಪೋಪನ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲಿನಿಗೆ ಹೇಳಬೇಕೆಂದು ಪ್ರಾಯಶ್ಚಿತ್ತ ವಿಧಿಸಲಾಯಿತು. ಪೊಜ್ಜೊ ಅದನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದು ತನ್ನ ಗ್ರಂಥವೊಂದರಲ್ಲಿ ಸೇರಿಸಿದನು. ಬೆಟ್ಟಗಳ ಬುಡದಲ್ಲಿ 60 ಮೈಲಿ ಸುತ್ತಳತೆಯ ಮಹಾನಗರವಿದೆ ಎಂಬ ವಿವರಣೆಯೂ, ದೇವಾಲಯಗಳ ಒಳಹೊರಗೆ ಅಸಂಖ್ಯಾತ ದೀಪಗಳನ್ನು ಹಚ್ಚುವ ಹಬ್ಬದ ವರ್ಣನೆಯೂ ಇದರಲ್ಲಿವೆ.

ಅಬ್ದುಲ್ ರಜಾಕ್

ಹೆರಾತಿನ ಅಬ್ದುಲ್ ರಜಾಕ್, ತೈಮೂರ್ ವಂಶದ ಸುಲ್ತಾನ ಶಾರುಖನ ರಾಯಭಾರಿಯಾಗಿ ಕಲ್ಲಿಕೋಟೆಗೆ ಬಂದಿದ್ದನು. ಇಮ್ಮಡಿ ದೇವರಾಯನ ಕರೆಯಂತೆ 1443ರಲ್ಲಿ ಮಂಗಳೂರಿನ ಮಾರ್ಗವಾಗಿ ವಿಜಯನಗರಕ್ಕೆ ಬಂದನು. ಒಂದರೊಳಗೊಂದಾದ ಏಳು ಸುತ್ತಿನ ಕೋಟೆ, ಬಜಾರಿನಲ್ಲಿ ಬಹಿರಂಗವಾಗಿ ಮಾರುತ್ತಿದ್ದ ರತ್ನಗಳು, ಎಲ್ಲೆಲ್ಲೂ ದೊರೆಯುತ್ತಿದ್ದ ಗುಲಾಬಿ, ವೀಳ್ಯದೆಲೆ ಮೆಲ್ಲುವ ರೂಢಿ, ಮಹಾನವಮಿಯ ಉತ್ಸವ ಇವುಗಳನ್ನು ಅವನು ವಿವರವಾಗಿ ಬರೆದಿದ್ದಾನೆ. ಈತ ನಿಜವಾದ ರಾಯಭಾರಿಯೇ ಅಲ್ಲವೆಂದು ಹೋರ್ಮುಜಿನ ವರ್ತಕರು ಹಬ್ಬಿಸಿದ ಸುದ್ದಿಯಿಂದ ತನಗಾದ ಕಷ್ಟವನ್ನೂ ಮರೆಮಾಚಿಲ್ಲ. ಪರ್ಷಿಯನ್ ಭಾಷೆಯ ಅವನ ಇತಿಹಾಸ ಗ್ರಂಥದ ಭಾಗವಾಗಿ ಈ ವೃತ್ತಾಂತ ಉಳಿದುಬಂದಿತು.

ಅಫನಾಸಿ ನಿಕಿತಿನ್

ರಷ್ಯಾದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಸುಮಾರು 1470ರ ಆಸುಪಾಸಿನಲ್ಲಿ ಬಹಮನಿ ರಾಜಧಾನಿಯಾದ ಬೀದರಿನಲ್ಲಿದ್ದನು. ಮಾರಾಟಕ್ಕೆಂದು ತಂದಿದ್ದ ಒಂದು ಗಂಡುಕುದುರೆಯನ್ನು ಜುನ್ನರಿನ ಅಧಿಕಾರಿಯು ಕಸಿದುಕೊಂಡು, ಮತ ಬದಲಿಸಿದರೆ ಮಾತ್ರ ಹಿಂತಿರುಗಿಸುವುದಾಗಿ ಹೇಳಿದನು. ನಿಕಿತಿನ್ ಒಪ್ಪದೆ, ಬೇರೊಬ್ಬರ ನೆರವಿನಿಂದ ಕುದುರೆಯನ್ನು ಮರಳಿ ಪಡೆದು ಬೀದರಿನಲ್ಲಿ ಮಾರಿದನು. ಶ್ರೀಮಂತರ ಪಲ್ಲಕ್ಕಿ, ಆನೆ, ಪರಿವಾರಗಳ ವೈಭವವನ್ನು ಕಂಡಂತೆಯೇ ಹಳ್ಳಿಗರ ಕಡುಬಡತನವನ್ನೂ ಅವನು ಗಮನಿಸಿದನು. ಸ್ಥಳೀಯ ಹಿಂದೂಗಳ ವಿಶ್ವಾಸ ಗಳಿಸಿ ಅವರೊಂದಿಗೆ ಶ್ರೀಶೈಲದ ಜಾತ್ರೆಗೂ ಹೋಗಿಬಂದನು.

ನಿಕಿತಿನ್ ಊರು ತಲುಪುವ ಮೊದಲೇ ಸ್ಮೊಲೆನ್ಸ್ಕ್ ಬಳಿ ತೀರಿಕೊಂಡನು. ಅವನ ಕೈಬರಹದ ಹೊತ್ತಗೆಗಳನ್ನು ವರ್ತಕರು ಮಾಸ್ಕೋಗೆ ತಂದು ಅಧಿಕಾರಿಯೊಬ್ಬನಿಗೆ ಒಪ್ಪಿಸಿದರು. ಅದು 1475ರ ಘಟನೆಗಳೊಂದಿಗೆ ರಷ್ಯಾದ ವೃತ್ತಾಂತ ಗ್ರಂಥಗಳಲ್ಲಿ ಸೇರಿತು. 19ನೆಯ ಶತಮಾನದ ಆರಂಭದಲ್ಲಿ ಇತಿಹಾಸಕಾರ ಕರಮ್ಜಿನ್ ಮಠವೊಂದರ ಗ್ರಂಥಭಂಡಾರದಲ್ಲಿ ಇದರ ಪ್ರತಿಯನ್ನು ಕಂಡು ವಿದ್ವಾಂಸರ ಗಮನಕ್ಕೆ ತಂದರು.

ವರ್ತೆಮಾ ಮತ್ತು ಬಾರ್ಬೋಸಾ

ಬೊಲೋನ್ಯಾದ ಲುಡೊವಿಕೊ ವರ್ತೆಮಾನ ಪ್ರವಾಸ ಕಥನವು 1510ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಅದು ಬೇಗನೆ ಲ್ಯಾಟಿನ್ ಹಾಗೂ ಜರ್ಮನ್ ಭಾಷೆಗಳಿಗೆ ಅನುವಾದಗೊಂಡು ಯುರೋಪಿನಲ್ಲಿ ಹರಡಿತು. ಕಣ್ಣಾನೂರಿನಲ್ಲಿ ಪೋರ್ಚುಗೀಸ್ ನೌಕರನಾಗಿದ್ದ ದುವಾರ್ತೆ ಬಾರ್ಬೋಸಾ ತನ್ನ ಗ್ರಂಥವನ್ನು ಸುಮಾರು 1516ರಲ್ಲಿ ಮುಗಿಸಿದನು. ಭಟ್ಕಳದ ಅಕ್ಕಿ, ಸಕ್ಕರೆ ಮತ್ತು ಕಬ್ಬಿಣದ ವ್ಯಾಪಾರವನ್ನು ಅವನು ವಿವರಿಸುತ್ತಾನೆ. ವಿಜಯನಗರದಲ್ಲಿ ಯಾವ ಮತದವರೇ ಆಗಲಿ ತಮ್ಮ ಆಚರಣೆಯಂತೆ ನಿರಾತಂಕವಾಗಿ ಬಾಳಲು ಅರಸನು ಅವಕಾಶ ಕೊಟ್ಟಿದ್ದಾನೆ ಎಂಬ ಅವನ ಮಾತು ಪ್ರಸಿದ್ಧವಾಗಿದೆ.

ಡೊಮಿಂಗೊ ಪಾಯಸ್

ಪಾಯಸನು ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ಸುಮಾರು 1520-22ರಲ್ಲಿ ಬಂದ ಪೋರ್ಚುಗೀಸನು. ರಾಯನು ಮಧ್ಯಮ ಎತ್ತರದವನು, ಗೌರವರ್ಣದವನು, ಮುಖದಲ್ಲಿ ಸಿಡುಬಿನ ಕಲೆಗಳುಳ್ಳವನು ಎಂದು ಅವನು ಬರೆದಿದ್ದಾನೆ. ಬೆಳಗಾಗುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿವರಸೆ ಹಾಗೂ ಕುಸ್ತಿಯ ಅಭ್ಯಾಸ ಮಾಡಿ, ಕುದುರೆ ಸವಾರಿ ಮುಗಿಸುವ ಅರಸನ ದಿನಚರಿಯು ಈ ಕಥನದಿಂದ ತಿಳಿಯುತ್ತದೆ. ಬೆಟ್ಟವೇರಿ ನೋಡಿದರೂ ಇಡೀ ನಗರ ಕಣ್ಣಿಗೆ ಬೀಳಲಿಲ್ಲವೆಂದೂ, ಕಂಡಷ್ಟು ಭಾಗವೇ ರೋಮಿನಷ್ಟು ದೊಡ್ಡದಾಗಿ ತೋರಿತೆಂದೂ ಹೇಳುತ್ತಾನೆ. ಒಂಬತ್ತು ದಿನಗಳ ಮಹಾನವಮಿ ಉತ್ಸವದ ವರ್ಣನೆ ಈ ಕಥನದ ಅತ್ಯಂತ ವಿಸ್ತಾರವಾದ ಭಾಗ. ಕೆರೆಯೊಂದರ ಕಟ್ಟೆ ಕಟ್ಟುತ್ತಿದ್ದ ಸಾವಿರಾರು ಕೂಲಿಗಳನ್ನೂ ಅವನು ಕಂಡಿದ್ದಾನೆ.

ಫರ್ನಾವೊ ನೂನಿಜ್

ಕುದುರೆ ವ್ಯಾಪಾರಿಯಾಗಿದ್ದ ನೂನಿಜ್, ಅಚ್ಯುತದೇವರಾಯನ ಕಾಲದಲ್ಲಿ, ಸುಮಾರು 1535-37ರಲ್ಲಿ ವಿಜಯನಗರದಲ್ಲಿದ್ದನು. ಪಾಯಸನು ಕಣ್ಣಿಗೆ ಕಂಡದ್ದನ್ನು ಬರೆದರೆ ನೂನಿಜ್ ರಾಜ್ಯದ ಆರಂಭದಿಂದ ತನ್ನ ಕಾಲದವರೆಗಿನ ಅರಸರ ಚರಿತ್ರೆಯನ್ನು ಬರೆದನು. 1520ರ ರಾಯಚೂರು ಯುದ್ಧದ ವಿವರ, ಪ್ರಾಂತ್ಯಗಳ ನಾಯಕರು ಅರಸನಿಗೆ ಸಲ್ಲಿಸಬೇಕಾಗಿದ್ದ ಕಪ್ಪ ಮತ್ತು ಸೈನ್ಯದ ಲೆಕ್ಕ ಇದರ ಮುಖ್ಯ ಅಂಶಗಳು.

ಸೀಸರ್ ಫೆಡರಿಚಿ

1565ರ ಯುದ್ಧದಲ್ಲಿ ವಿಜಯನಗರ ಸೋತ ಬಳಿಕ ರಾಜಧಾನಿ ಲೂಟಿಯಾಯಿತು. ವೆನಿಸ್ಸಿನ ವರ್ತಕ ಫೆಡರಿಚಿ 1567ರಲ್ಲಿ ಬಂದು ಏಳು ತಿಂಗಳು ಅಲ್ಲಿ ತಂಗಿದ್ದನು. ನಗರವು ಪೂರ್ಣವಾಗಿ ನೆಲಸಮವಾಗಿರದಿದ್ದರೂ ಬರಿದಾಗಿ, ಕಾಡುಮೃಗಗಳ ವಾಸವಾಗಿದ್ದುದನ್ನು ಅವನು ದಾಖಲಿಸಿದನು. ಪಾಯಸನ ವೈಭವದ ವರ್ಣನೆಗೂ ಇದಕ್ಕೂ ನಡುವಿನ ಅಂತರ ಐವತ್ತು ವರ್ಷಗಳಿಗಿಂತ ಕಡಿಮೆ.

ಪಿಯೆತ್ರೊ ದೆಲ್ಲಾ ವಾಲೆ

ರೋಮಿನ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯೊಡನೆ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದನು. ತನ್ನ ಅನುಭವಗಳನ್ನು ನೇಪಲ್ಸಿನಲ್ಲಿದ್ದ ಗೆಳೆಯ ಮಾರಿಯೊ ಸ್ಕಿಪಾನೊಗೆ ಪತ್ರಗಳ ರೂಪದಲ್ಲಿ ಬರೆದನು. ಭಾರತ ಕುರಿತ ಪತ್ರಗಳು ಅವನ ಮರಣಾನಂತರ 1663ರಲ್ಲಿ ಅಚ್ಚಾದವು.

ದಾರಿಯಲ್ಲಿ ದೇವಾಲಯವೊಂದರ ಜಗಲಿಯ ಮೇಲೆ ನಾಲ್ವರು ಹುಡುಗರು ಲೆಕ್ಕದ ಪಾಠ ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿದನು. ಒಬ್ಬನು ರಾಗವಾಗಿ ಹೇಳುತ್ತ ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದನು. ಉಳಿದವರು ಅದನ್ನೇ ಹೇಳಿ ಬರೆಯುತ್ತಿದ್ದರು. ನೆಲ ತುಂಬಿದಾಗ ಅಳಿಸಿ ಮತ್ತೆ ಮರಳು ಹರಡುತ್ತಿದ್ದರು. ಗುರುವಿಲ್ಲದೆ ತಪ್ಪಾದರೆ ತಿದ್ದುವವರಾರು ಎಂದು ಕೇಳಿದಾಗ, ನಾಲ್ವರೂ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲ ಎಂದು ಅವರು ಉತ್ತರಿಸಿದರು. ಅಂದಿನ ಶಿಕ್ಷಣ ಪದ್ಧತಿಯನ್ನು ತಿಳಿಯಲು ಇದು ಬೆಲೆಯುಳ್ಳ ದಾಖಲೆ. ಉಳ್ಳಾಲದ ರಾಣಿಯು ಬರಿಗಾಲಿನಲ್ಲಿ ನಿಂತು ಕಾಲುವೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದ ದೃಶ್ಯವೂ ಅವನ ಪತ್ರಗಳಲ್ಲಿದೆ.

ಪ್ಯಾರಿಸ್ ಹಸ್ತಪ್ರತಿ

ಪಾಯಸ್ ಮತ್ತು ನೂನಿಜರ ಬರಹಗಳು ಅವರ ಕಾಲದಲ್ಲಿ ಅಚ್ಚಾಗಲಿಲ್ಲ. ಗೋವೆಯಲ್ಲಿದ್ದ ಪೋರ್ಚುಗೀಸನೊಬ್ಬನು ಇವೆರಡನ್ನೂ ಸಂಗ್ರಹಿಸಿ, ಒಂದು ಪತ್ರದೊಂದಿಗೆ ಸ್ವದೇಶಕ್ಕೆ ಕಳುಹಿಸಿದನು. ವಿಜಯನಗರಕ್ಕೆ ಹೋಗಿದ್ದವರನ್ನು ಹುಡುಕುವಂತೆ ತನಗೆ ಸೂಚನೆಯಿತ್ತೆಂದೂ, ಅಲ್ಲಿಗೆ ಹೋದವರಾರೂ ಅಲ್ಲಿನ ವಿಷಯ ಬರೆದ ಕಾಗದಗಳಿಲ್ಲದೆ ಮರಳುವುದಿಲ್ಲವೆಂದೂ ಅವನು ಪತ್ರದಲ್ಲಿ ತಿಳಿಸಿದ್ದಾನೆ. ಇಂತಹ ಬರಹಗಳನ್ನು ತರುವುದೂ ಕೇಳಿ ಪಡೆಯುವುದೂ ಅಂದಿನ ಗೋವೆಯಲ್ಲಿ ರೂಢಿಯಲ್ಲಿತ್ತೆಂದು ಇದರಿಂದ ತಿಳಿಯುತ್ತದೆ. ಪತ್ರವು ಇತಿಹಾಸಕಾರ ಜೊವಾವೊ ದೆ ಬಾರೋಸನಿಗೆ ಬರೆದದ್ದಿರಬೇಕೆಂದು ರಾಬರ್ಟ್ ಸಿವೆಲ್ ಊಹಿಸಿದ್ದಾರೆ.

ಮುಂದೆ ಈ ಹಸ್ತಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿತು. ಪೋರ್ಚುಗೀಸ್ ವಿದ್ವಾಂಸ ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಇದರ ಮೂಲಪಾಠವನ್ನು ಪ್ರಕಟಿಸಿದರು. ಮದರಾಸು ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದ ಸಿವೆಲ್ ಅದನ್ನು ಇಂಗ್ಲಿಷಿಗೆ ಅನುವಾದಿಸಿ, 1900ರಲ್ಲಿ ಲಂಡನ್ನಿನಲ್ಲಿ ಹೊರತಂದ 'ಎ ಫರ್ಗಾಟನ್ ಎಂಪೈರ್' ಗ್ರಂಥದಲ್ಲಿ ಸೇರಿಸಿದರು. ಬರೆದ ಸುಮಾರು 375 ವರ್ಷಗಳ ಬಳಿಕ ಪಾಯಸನ ಕಥನವು ಹೀಗೆ ಭಾರತೀಯ ಓದುಗರಿಗೆ ದೊರೆಯಿತು. ಹಂಪಿಯ ಮಹಾನವಮಿ ದಿಬ್ಬದಂತಹ ಕಟ್ಟಡಗಳನ್ನು ಗುರುತಿಸುವಲ್ಲಿ ವಿದ್ವಾಂಸರು ಇದರ ವಿವರಗಳನ್ನು ಬಳಸಿಕೊಂಡರು.

ಸಂಗ್ರಹಕಾರರು ಮತ್ತು ಓದುಗರ ಸಂಘಗಳು

ವೆನಿಸ್ಸಿನ ರಮೂಸಿಯೊ ತನ್ನ ಪ್ರವಾಸ ಕಥನಗಳ ಸಂಗ್ರಹದ ಮೊದಲ ಸಂಪುಟವನ್ನು 1550ರಲ್ಲಿ ಹೊರತಂದನು. ಕಾಂಟಿ, ವರ್ತೆಮಾ ಮತ್ತು ಬಾರ್ಬೋಸಾ ಮೂವರ ಬರಹಗಳೂ ಅದರಲ್ಲಿದ್ದವು. ಕಾಂಟಿಯ ಕಥನದ ಲ್ಯಾಟಿನ್ ಮೂಲ ಸಿಗದೆ ರಮೂಸಿಯೊ ಅದರ ಪೋರ್ಚುಗೀಸ್ ಅನುವಾದವನ್ನು ಇಟಾಲಿಯನ್ನಿಗೆ ತಿರುಗಿಸಿದನು. ಬಾರ್ಬೋಸಾನ ಪೋರ್ಚುಗೀಸ್ ಪಾಠವು ಲಿಸ್ಬನ್ನಿನಲ್ಲಿ ಅಚ್ಚಾದದ್ದು 1813ರಲ್ಲಿ.

1846ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಹಕ್ಲೂಟ್ ಸೊಸೈಟಿಯು ಅಪರೂಪದ ಪ್ರವಾಸ ಕಥನಗಳನ್ನು ಸದಸ್ಯರ ಚಂದಾ ಹಣದಿಂದ ಪ್ರಕಟಿಸಿ ಅವರಿಗೆ ಹಂಚುವ ಸಂಘ. ಅದು 1857ರಲ್ಲಿ ಆರ್. ಎಚ್. ಮೇಜರ್ ಸಂಪಾದಕತ್ವದಲ್ಲಿ ಕಾಂಟಿ, ಅಬ್ದುಲ್ ರಜಾಕ್ ಮತ್ತು ನಿಕಿತಿನ್ ಕಥನಗಳನ್ನು ಒಂದೇ ಸಂಪುಟದಲ್ಲಿ ಇಂಗ್ಲಿಷಿನಲ್ಲಿ ನೀಡಿತು. ದೆಲ್ಲಾ ವಾಲೆಯ ಪತ್ರಗಳು 1892ರಲ್ಲಿಯೂ, ಬಾರ್ಬೋಸಾನ ಗ್ರಂಥವು 1918 ಮತ್ತು 1921ರಲ್ಲಿ ಎರಡು ಸಂಪುಟಗಳಲ್ಲಿಯೂ ಪ್ರಕಟವಾದವು.

ವಿಶ್ವಾಸಾರ್ಹತೆ

ಈ ಕಥನಗಳನ್ನು ಶಾಸನ, ಸಾಹಿತ್ಯ ಮತ್ತು ಪುರಾತತ್ತ್ವದ ಆಧಾರಗಳೊಂದಿಗೆ ಹೋಲಿಸಿ ಓದುವುದು ವಾಡಿಕೆ. ಓದುವಾಗ ಗಮನಿಸಬೇಕಾದ ಅಂಶಗಳು ಇವು:

- ಕಂಡದ್ದು ಮತ್ತು ಕೇಳಿದ್ದು: ಮಹಾನವಮಿಯನ್ನು ಪಾಯಸನು ಸ್ವತಃ ಕಂಡನು. ಆದರೆ ನೂನಿಜ್ ಹೇಳುವ ರಾಜ್ಯ ಸ್ಥಾಪನೆಯ ಕಥೆ, ಘಟನೆ ನಡೆದು ಇನ್ನೂರು ವರ್ಷಗಳಾದ ಮೇಲೆ ಜನರಿಂದ ಕೇಳಿದ್ದು.
- ಸಂಖ್ಯೆಗಳು: ರಾಯಚೂರು ಯುದ್ಧಕ್ಕೆ ಏಳು ಲಕ್ಷಕ್ಕೂ ಹೆಚ್ಚು ಕಾಲಾಳುಗಳು ಹೋದರೆಂಬ ನೂನಿಜನ ಲೆಕ್ಕದಂತಹವನ್ನು ಯಥಾವತ್ತಾಗಿ ಸ್ವೀಕರಿಸಲಾಗದು.
- ಹೆಸರುಗಳು: ವಿಜಯನಗರವು ಕಾಂಟಿಯಲ್ಲಿ 'ಬಿಜೆನೆಗಾಲಿಯಾ', ಪೋರ್ಚುಗೀಸರಲ್ಲಿ 'ಬಿಸ್ನಗಾ' ಆಗಿದೆ. ಅರಸರ ಹಾಗೂ ಊರುಗಳ ಹೆಸರುಗಳೂ ಇದೇ ರೀತಿ ರೂಪ ಬದಲಿಸಿವೆ.
- ಅನುವಾದದ ಪದರಗಳು: ಮೇಜರ್ ಸಂಪುಟದಲ್ಲಿರುವ ಅಬ್ದುಲ್ ರಜಾಕನ ಕಥನವು ಪರ್ಷಿಯನ್ನಿನಿಂದ ಫ್ರೆಂಚಿಗೂ ಅಲ್ಲಿಂದ ಇಂಗ್ಲಿಷಿಗೂ ಬಂದುದು.
- ದೃಷ್ಟಿಯ ಮಿತಿ: ಬಹುಪಾಲು ಪ್ರವಾಸಿಗರಿಗೆ ಸ್ಥಳೀಯ ಭಾಷೆಯ ಆಳವಾದ ಪರಿಚಯವಿರಲಿಲ್ಲ. ಅರಮನೆ ಮತ್ತು ಪೇಟೆಯ ಬಗ್ಗೆ ಹೆಚ್ಚು ಬರೆದ ಅವರು ಬೇಸಾಯಗಾರರ ಬದುಕಿನ ಬಗ್ಗೆ ಬರೆದದ್ದು ಕಡಿಮೆ.

ಕನ್ನಡದಲ್ಲಿ

ಜಾನಪದ ವಿದ್ವಾಂಸರೂ ರಾಮನಗರದ ಬಳಿಯ ಜಾನಪದ ಲೋಕದ ಸ್ಥಾಪಕರೂ ಆದ ಎಚ್. ಎಲ್. ನಾಗೇಗೌಡರು ವಿದೇಶಿ ಪ್ರವಾಸಿಗರ ಬರಹಗಳನ್ನು 'ಪ್ರವಾಸಿ ಕಂಡ ಇಂಡಿಯಾ' ಎಂಬ ಹೆಸರಿನಲ್ಲಿ ಹಲವು ಸಂಪುಟಗಳಲ್ಲಿ ಕನ್ನಡಕ್ಕೆ ತಂದರು. ಈ ನೆಲವನ್ನು ಕುರಿತು ಪರಭಾಷೆಗಳಲ್ಲಿ ಹುಟ್ಟಿದ ಕಥನಗಳನ್ನು ಇಂಗ್ಲಿಷ್ ತಿಳಿಯದ ಓದುಗರೂ ಓದಲು ಇದರಿಂದ ಅನುಕೂಲವಾಯಿತು. ಹಂಪಿಯ ಸ್ಮಾರಕಗಳು 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿ ಈಗ ಕಲ್ಲಿನ ಬುನಾದಿಗಳಷ್ಟೇ ಉಳಿದಿರುವ ಅರಮನೆಗಳ ಮತ್ತು ಬರಿದಾದ ಪೇಟೆ ಸಾಲುಗಳ ಹಿಂದಿನ ರೂಪವನ್ನು ಊಹಿಸಿಕೊಳ್ಳಲು ಈ ಕಥನಗಳು ಇಂದಿಗೂ ನೆರವಾಗುತ್ತವೆ.

ಇವನ್ನೂ ನೋಡಿ

- ವಿಜಯನಗರ ಸಾಮ್ರಾಜ್ಯ
- ಬಹಮನಿ ಸುಲ್ತಾನರು
- ಕೃಷ್ಣದೇವರಾಯ
- ಕೆಳದಿ ನಾಯಕರು
- ಹಂಪಿ