ಬಿರುಗಾಳಿ ಎತ್ತಿ ಕೂರಿಸಿದ ಮರ

ಮರ ಬಿದ್ದರೆ ನಾವೆಲ್ಲ ಬೈಯೋದು ಗಾಳಿಯನ್ನ. ಲಂಡನ್ನಿನ ಕ್ಯೂ ಸಸ್ಯತೋಟದ ಕಥೆ ಓದಿದ ಮೇಲೆ ನನ್ನ ಕಣ್ಣು ಬುಡದ ಮಣ್ಣಿನ ಕಡೆ ಹೋಗಿದೆ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

1987ರ ಅಕ್ಟೋಬರ್ 16ರ ಬೆಳಗಿನ ಜಾವ ದಕ್ಷಿಣ ಇಂಗ್ಲೆಂಡಿಗೆ ಭಾರೀ ಬಿರುಗಾಳಿ ಹೊಡೀತು. ಚಳಿಗಾಲಕ್ಕೆ ಅಲ್ಲಿಯ ಎಷ್ಟೋ ಮರಗಳು ಎಲೆ ಉದುರಿಸಿ ಬೋಳಾಗ್ತವೆ, ಆಗ ಗಾಳಿ ಕೊಂಬೆ ಸಂದಿಯಲ್ಲಿ ಹಾದು ಹೋಗುತ್ತೆ. ಆದರೆ ಅಕ್ಟೋಬರಿನಲ್ಲಿ ಎಲೆ ಇನ್ನೂ ತುಂಬಿತ್ತು. ಮಳೆಗೆ ನೆಲ ಬೇರೆ ನೆನೆದಿತ್ತು. ಸುಮಾರು 1.5 ಕೋಟಿ ಮರ ಉರುಳಿದವು. ಕ್ಯೂ ತೋಟ ಒಂದರಲ್ಲೇ 700. 1759ರಲ್ಲಿ ಶುರುವಾದ ತೋಟ ಅದು, ದೇಶದೇಶದಿಂದ ತಂದು ಬೆಳೆಸಿದ ಮರಗಳು. ಒಂದು ರಾತ್ರಿಗೆ ಹೋದವು.

ಅಲ್ಲಿ 1798ರಲ್ಲಿ ನೆಟ್ಟ ಒಂದು ಓಕ್ ಮರ ಇದೆ, ಟರ್ನರ್ ಓಕ್ ಅಂತಾರೆ. ಬಿರುಗಾಳಿಗೆ ಮೊದಲೇ ಸೊರಗಿತ್ತು. ಆ ರಾತ್ರಿ ಗಾಳಿ ಅದನ್ನ ಬೇರು, ಹೆಂಟೆ ಸಮೇತ ಮೇಲೆತ್ತಿ ಮತ್ತೆ ಅದೇ ಗುಂಡಿಗೆ ಕೂರಿಸಿತು! ಇದಿನ್ನು ಉಳಿಯಲ್ಲ ಅಂದುಕೊಂಡರು. ಬಿದ್ದ ಮರ ತೆಗೆಯೋದೇ ಬೆಟ್ಟದಷ್ಟು ಇತ್ತಲ್ಲ, ಇದಕ್ಕೆ ಆಸರೆ ಕಂಬ ಕೊಟ್ಟು ಕೊನೆಗೆ ನೋಡೋಣ ಅಂತ ಬಿಟ್ಟರು. ಮೂರು ವರ್ಷ ಕಳೆದು ನೋಡಿದರೆ ಮರ ಹೊಸ ಚಿಗುರು ಹೊಡೆದು ನಳನಳಿಸ್ತಾ ಇದೆ.

ಕಾರಣ ಏನು ಗೊತ್ತಾ? ನೋಡಕ್ಕೆ ಬಂದ ಜನ ವರ್ಷಾನುಗಟ್ಟಲೆ ತುಳಿದು ಬುಡದ ನೆಲ ದಮ್ಮಸು ಹೊಡೆದ ಹಾಗೆ ಆಗಿತ್ತು. ಬೇರಿಗೆ ನೀರಿಲ್ಲ, ಉಸಿರಿಲ್ಲ. ಗಾಳಿ ಎತ್ತಿ ಕುಕ್ಕಿದ್ದರಿಂದ ಮಣ್ಣು ಸಡಿಲ ಆಯ್ತು, ಅಷ್ಟೇ. ಆಮೇಲೆ ಅಲ್ಲಿಯವರು ಉಳಿದ ಹಳೇ ಮರಗಳ ಬುಡಕ್ಕೂ ಒತ್ತಡದಲ್ಲಿ ಗಾಳಿ ಹೊಡೆದು ಮಣ್ಣು ಸಡಿಲಿಸಿ, ಮೇಲೆ ಮುಚ್ಚಿಗೆ ಹಾಕೋದು ಕಲಿತರು.

ಖಾಲಿಯಾದ ಜಾಗ ತುಂಬಕ್ಕೆ ಬಿದ್ದ ಜಾತಿಯನ್ನೇ ತಂದು ನೆಟ್ಟು ಸುಮ್ಮನಾಗಲಿಲ್ಲ. ದಕ್ಷಿಣ ಕೊರಿಯಾ, ತೈವಾನ್ ಕಾಡುಗಳಿಗೆ ಹೋಗಿ ಬೀಜ ಆರಿಸಿ ತಂದರು. ಇದು ನನಗೆ ಬಹಳ ಹಿಡಿಸಿತು.

ಈಗ ಅಲ್ಲಿ ಗಿಡ ನೆಡೋದು ಚೌಕ ಗುಂಡಿಯಲ್ಲಿ. ದುಂಡು ಗುಂಡಿಯಾದರೆ ಬೇರು ಗಡಿಗೆಯೊಳಗೆ ಸುತ್ತಿದ ಹಾಗೆ ಸುತ್ತುತ್ತೆ, ಚೌಕದಲ್ಲಿ ಮೂಲೆ ಸಿಕ್ಕಿದರೆ ಅಲ್ಲಿಂದ ಆಚೆ ನುಗ್ಗುತ್ತೆ. ತೆಂಗಿಗೆ ಮೂರಡಿ ಚೌಕ ನಮ್ಮ ಹಿರಿಯರು ತೋಡ್ತಾ ಇದ್ದದ್ದೇ! ಗುಂಡಿ ಮಷೀನು ಬಂದ ಮೇಲೆ ಎಲ್ಲಾ ದುಂಡಗಾಯ್ತು. ಜೇಡಿ ಮಣ್ಣಿನಲ್ಲಿ ಅದು ಒಳಗೋಡೆಯನ್ನ ಸಾರಿಸಿದ ಹಾಗೆ ನುಣ್ಣಗೆ ಮಾಡಿಬಿಡುತ್ತೆ.

ಈ ಸಲದ ಗಾಳಿಗೆ ನನ್ನವು ಹನ್ನೊಂದು ತೆಂಗು ಹೋಗಿವೆ. ಹಾರೆ ಗುದ್ದಲಿಯಲ್ಲಿ ಚೌಕ ತೋಡೋ ಆಳು ಯಾರ ಕಡೆಯಾದರೂ ಇದ್ದರೆ ಹೇಳಿ, ಕೂಲಿ ಎಷ್ಟು ಅಂತಾನೂ ಬರೀರಿ.