ಕಿರ್ಮಾನಿ, ಸೈಯದ್ ಮುಜ್ತಬಾ ಹುಸೇನ್

ಭಾರತದ ವಿಕೆಟ್ ಕೀಪರ್ ಹಾಗೂ ಕೆಳ ಕ್ರಮಾಂಕದ ಬಲಗೈ ಬ್ಯಾಟ್ಸ್‌ಮನ್. ಹುಟ್ಟಿದ್ದು 1949ರ ಡಿಸೆಂಬರ್ 29ರಂದು ಮದರಾಸಿನಲ್ಲಿ. ಆಟಗಾರನಾಗಿ ರೂಪುಗೊಂಡದ್ದು ಬೆಂಗಳೂರಿನಲ್ಲಿ. 1976ರಿಂದ 1986ರವರೆಗೆ 88 ಟೆಸ್ಟ್ ಪಂದ್ಯಗಳನ್ನಾಡಿ 160 ಕ್ಯಾಚ್ ಹಿಡಿದರು, 38 ಸ್ಟಂಪಿಂಗ್ ಮಾಡಿದರು, ಎರಡು ಶತಕಗಳೊಂದಿಗೆ 2,759 ರನ್ ಗಳಿಸಿದರು. 1983ರ ವಿಶ್ವಕಪ್ ಗೆದ್ದ ತಂಡದ ಕೀಪರ್ ಇವರೇ. ಭಾರತದ ಬೌಲಿಂಗ್ ಸ್ಪಿನ್ನಿನಿಂದ ವೇಗದ ಕಡೆಗೆ ಹೊರಳಿದ್ದು ಇದೇ ಹತ್ತು ವರ್ಷಗಳಲ್ಲಿ. ಆ ಎರಡೂ ಕಾಲಗಳಲ್ಲಿ ತಂಡದ ಮೊದಲ ಆಯ್ಕೆಯ ಕೀಪರ್ ಆಗಿ ಉಳಿದದ್ದು ಕಿರ್ಮಾನಿಯವರ ಸಾಧನೆಯ ತಿರುಳು. ಬ್ಯಾಟಿಂಗ್ ಅಂಕಿ ಅಂಶಗಳು ಅದರ ಮುಂದೆ ಎರಡನೆಯವು.

ಆರಂಭ

ಶಾಲಾ ಕ್ರಿಕೆಟ್ಟಿನಿಂದ ಬಂದ ಕಿರ್ಮಾನಿ 1967–68ರಲ್ಲಿ, ಕರ್ನಾಟಕ ತಂಡ ಇನ್ನೂ ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದಾಗ, ಪ್ರಥಮ ದರ್ಜೆ ಕ್ರಿಕೆಟ್ಟಿಗೆ ಕಾಲಿಟ್ಟರು. ಭಾರತ ತಂಡದಲ್ಲಿ ಆಗ ಫಾರೂಖ್ ಎಂಜಿನಿಯರ್ ಗಟ್ಟಿಯಾಗಿ ನೆಲೆಯೂರಿದ್ದರು. 1971 ಮತ್ತು 1974ರ ಇಂಗ್ಲೆಂಡ್ ಪ್ರವಾಸಗಳಲ್ಲಿ ಕಿರ್ಮಾನಿ ಮೀಸಲು ಕೀಪರ್ ಆಗಿದ್ದರು. ಟೆಸ್ಟ್ ಆಡುವ ಅವಕಾಶ ಸಿಗಲಿಲ್ಲ. ಐದು ವರ್ಷ ಹೀಗೆ ಕಾದ ಮೇಲೆ, 26 ತುಂಬಿದ ಬಳಿಕ, ಮೊದಲ ಟೆಸ್ಟ್ ಒದಗಿತು.

ಚಂದ್ರ, ಪ್ರಸನ್ನರ ಹಿಂದೆ

ಈ ಕಾಯುವಿಕೆ ವ್ಯರ್ಥವಾಗಲಿಲ್ಲ. ಭಾರತದ ನಾಲ್ವರು ಹೆಸರಾಂತ ಸ್ಪಿನ್ನರುಗಳಲ್ಲಿ ಇಬ್ಬರು, ಎರ್ರಪಳ್ಳಿ ಪ್ರಸನ್ನ ಮತ್ತು ಭಾಗವತ್ ಚಂದ್ರಶೇಖರ್, ಕಿರ್ಮಾನಿಯವರ ರಾಜ್ಯ ತಂಡದವರು. ಬೇರೆ ರಾಜ್ಯದ ಕೀಪರ್ ಟೆಸ್ಟ್ ತಂಡಕ್ಕೆ ಬಂದಮೇಲೆ ಕಲಿಯಬೇಕಾಗಿದ್ದುದನ್ನು ಇವರು ರಣಜಿ ಪಂದ್ಯಗಳಲ್ಲೇ ಕಲಿತರು.

ಇಬ್ಬರೂ ಕೀಪರ್‌ಗೆ ಒಡ್ಡುತ್ತಿದ್ದ ಸವಾಲುಗಳು ಒಂದಕ್ಕೊಂದು ತದ್ವಿರುದ್ಧ. ಪ್ರಸನ್ನ ಆಫ್ ಸ್ಪಿನ್ನರ್; ಚೆಂಡನ್ನು ಗಾಳಿಯಲ್ಲಿ ತೇಲಿಬಿಟ್ಟು, ಬ್ಯಾಟ್ಸ್‌ಮನ್ ಅಂದುಕೊಂಡದ್ದಕ್ಕಿಂತ ಗೇಣುದ್ದ ಹಿಂದೆ ಬೀಳಿಸುತ್ತಿದ್ದರು. ಮುಂದೆ ನುಗ್ಗಿದ ಬ್ಯಾಟ್ಸ್‌ಮನ್ ಮೋಸಹೋದಾಗ ಸ್ಟಂಪಿಂಗ್ ಅವಕಾಶ ಹುಟ್ಟುತ್ತದೆ. ಆದರೆ ಅವನನ್ನು ಮೋಸಗೊಳಿಸಿದ ಎಸೆತ ಕೀಪರನ್ನೂ ಮೋಸಗೊಳಿಸಬಲ್ಲದು. ಬಲಗೈ ಬ್ಯಾಟ್ಸ್‌ಮನ್‌ಗೆ ಒಳಕ್ಕೆ ತಿರುಗುವ ಚೆಂಡು ಲೆಗ್ ಸ್ಟಂಪಿನಾಚೆ ಹೋಗುವಾಗ ಬ್ಯಾಟ್ಸ್‌ಮನ್ನನ ಮೈ ಅದನ್ನು ಒಂದು ಕ್ಷಣ ಮರೆಮಾಡುತ್ತದೆ. ಆ ಕುರುಡು ಕ್ಷಣದಲ್ಲಿ ಕಣ್ಣಿನ ಕೆಲಸವನ್ನು ಕಾಲುಗಳು ಮಾಡಬೇಕು. ಚೆಂಡು ಎಲ್ಲಿ ಹೊರಬರುತ್ತದೆಂದು ಊಹಿಸಿ ಅಲ್ಲಿಗೆ ಮೊದಲೇ ಸರಿದಿರಬೇಕು.

ಚಂದ್ರಶೇಖರ್ ಅವರದು ಇನ್ನೊಂದು ಬಗೆ. ಬಾಲ್ಯದಲ್ಲಿ ಪೋಲಿಯೊ ತಗುಲಿದ್ದ ಬಲಗೈಯಿಂದ, ಉದ್ದನೆಯ ಓಟದೊಂದಿಗೆ, ಹೆಚ್ಚುಕಡಿಮೆ ಮಧ್ಯಮ ವೇಗದಲ್ಲಿ ಅವರು ಲೆಗ್ ಬ್ರೇಕ್, ಗೂಗ್ಲಿ, ಟಾಪ್ ಸ್ಪಿನ್ ಎಸೆಯುತ್ತಿದ್ದರು. ಅವರ ಮುಖ್ಯ ಅಸ್ತ್ರ ಗೂಗ್ಲಿಯೇ. ಅಷ್ಟು ವೇಗದ ಬೌಲರ್‌ಗೆ ಕೀಪರ್ ಹಿಂದೆ ಸರಿದು ನಿಂತರೆ ಆಶ್ಚರ್ಯವಿಲ್ಲ. ಆದರೆ ಹಿಂದೆ ಸರಿದರೆ ಸ್ಟಂಪಿಂಗ್ ಹೋಯಿತು, ಬ್ಯಾಟ್ಸ್‌ಮನ್ ಕ್ರೀಸ್ ಬಿಡಲು ಅಂಜುವುದಿಲ್ಲ. ಆದ್ದರಿಂದ ಸ್ಟಂಪಿಗೆ ಆತುಕೊಂಡೇ ನಿಲ್ಲಬೇಕು. ನಿಂತಾಗ ಯಾವ ಎಸೆತ ಯಾವ ಕಡೆ ತಿರುಗುತ್ತದೆಂದು ಪಿಚ್ಚಿನ ಮೇಲೆ ನೋಡಿ ತಿಳಿಯಲು ಸಮಯವಿರದು, ಬೌಲರನ ಕೈಯಲ್ಲೇ ಓದಬೇಕು. ಪುಟಿಯುವ ಎತ್ತರವಂತೂ ಓವರಿನಿಂದ ಓವರಿಗೆ ಬದಲಾಗುತ್ತಿತ್ತು.

ಇದಕ್ಕೆಲ್ಲ ಒದಗುವ ತಂತ್ರ ಹೇಳುವುದಕ್ಕೆ ಸರಳ. ಚೆಂಡು ಪುಟಿಯುವ ತನಕ ಕುಕ್ಕರಗಾಲಿನಲ್ಲೇ ಇದ್ದು ಗ್ಲೌಸನ್ನು ನೆಲಕ್ಕೆ ತಾಗಿಸಿರಬೇಕು. ಅದು ಏಳುವಾಗ ಅದರೊಡನೆಯೇ ಏಳಬೇಕು. ಬೇಗ ಎದ್ದವನು ತಗ್ಗಿ ಬಂದ ಚೆಂಡನ್ನು ಬಿಡುತ್ತಾನೆ. ಬೆರಳುಗಳು ಚೆಂಡಿಗೆ ಎದುರಾಗಿ ನಿಲ್ಲಬಾರದು. ಚೆಂಡು ತಾಗಿದಾಗ ಕೈ ತುಸು ಹಿಂದಕ್ಕೆ ಸರಿದು ಅದರ ರಭಸವನ್ನು ಹೀರಿಕೊಳ್ಳಬೇಕು, ಹಸಿ ಮೊಟ್ಟೆಯನ್ನು ಹಿಡಿದಂತೆ. ಸ್ಟಂಪಿಂಗ್ ಮಾಡುವಾಗ ಆ ಹಿಂದೆ ಸರಿಯುವ ಅಂತರವನ್ನು ಆದಷ್ಟು ಕಿರಿದಾಗಿಸಿ ಕೈಯನ್ನು ಬೇಲ್ಸಿನ ಹತ್ತಿರವೇ ಇಟ್ಟುಕೊಳ್ಳಬೇಕು. ಈ ಎರಡು ಬೇಡಿಕೆಗಳ ನಡುವಿನ ಹದವನ್ನು ಕಂಡುಕೊಂಡವರು ಕಡಿಮೆ. ಕಿರ್ಮಾನಿಯವರ ಬಲಿಗಳಲ್ಲಿ ಸುಮಾರು ಐದನೆಯ ಒಂದು ಭಾಗ ಸ್ಟಂಪಿಂಗ್ ಎಂಬುದು ಇಲ್ಲಿ ಗಮನಾರ್ಹ. ನಂತರ ಅವರ ಒಟ್ಟು ಬಲಿಗಳ ದಾಖಲೆಯನ್ನು ಮುರಿದ ಮಹೇಂದ್ರ ಸಿಂಗ್ ಧೋನಿ 90 ಟೆಸ್ಟ್‌ಗಳಲ್ಲಿ 294 ಬಲಿ ಪಡೆದರೂ ಅವರ ಸ್ಟಂಪಿಂಗುಗಳು ಸರಿಯಾಗಿ 38.

ಟೆಸ್ಟ್ ಕ್ರಿಕೆಟ್

1976ರ ಜನವರಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಆಕ್ಲೆಂಡಿನಲ್ಲಿ ಕಿರ್ಮಾನಿ ಮೊದಲ ಟೆಸ್ಟ್ ಆಡಿದರು. ದಿಲೀಪ್ ವೆಂಗ್‌ಸರ್ಕಾರ್ ಮತ್ತು ಸುರಿಂದರ್ ಅಮರನಾಥ್ ಕೂಡ ಅಲ್ಲೇ ಟೆಸ್ಟ್ ಪ್ರವೇಶಿಸಿದರು. ಎರಡನೆಯ ಇನಿಂಗ್ಸಿನಲ್ಲಿ ಪ್ರಸನ್ನ 76 ರನ್ನಿಗೆ 8 ವಿಕೆಟ್ ಪಡೆದು ಪಂದ್ಯ ಗೆಲ್ಲಿಸಿದರು. ಮುಂದಿನ ಟೆಸ್ಟ್ ಕ್ರೈಸ್ಟ್‌ಚರ್ಚಿನಲ್ಲಿ. ಅಲ್ಲಿ ಒಂದೇ ಇನಿಂಗ್ಸಿನಲ್ಲಿ ಐದು ಕ್ಯಾಚ್, ಒಂದು ಸ್ಟಂಪಿಂಗ್ ಮಾಡಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಆ ಇನಿಂಗ್ಸಿನ ವಿಕೆಟುಗಳಲ್ಲಿ ಹೆಚ್ಚಿನವು ಮಧ್ಯಮ ವೇಗಿಗಳಾದ ಮದನ್ ಲಾಲ್ ಮತ್ತು ಮೊಹಿಂದರ್ ಅಮರನಾಥ್ ಅವರವು. ಸ್ಪಿನ್ ಕೀಪರ್ ಎಂಬ ಹಣೆಪಟ್ಟಿ ಪೂರ್ತಿ ಒಪ್ಪತಕ್ಕದ್ದಲ್ಲ ಎಂಬುದು ಎರಡನೆಯ ಟೆಸ್ಟಿನಲ್ಲೇ ಕಂಡಿತ್ತು.

1979ರ ಇಂಗ್ಲೆಂಡ್ ಪ್ರವಾಸ ಮತ್ತು ವಿಶ್ವಕಪ್ಪಿಗೆ ಅವರನ್ನು ಕೈಬಿಡಲಾಯಿತು. ಟೆಸ್ಟ್‌ಗಳಲ್ಲಿ ಭರತ್ ರೆಡ್ಡಿ, ವಿಶ್ವಕಪ್ಪಿನಲ್ಲಿ ಸುರಿಂದರ್ ಖನ್ನಾ ಕೀಪಿಂಗ್ ಮಾಡಿದರು. ಕೆರ್ರಿ ಪ್ಯಾಕರ್ ಅವರ ಬಂಡಾಯ ಸರಣಿಯೊಡನೆ ಹೆಸರು ತಳುಕು ಹಾಕಿಕೊಂಡದ್ದು ಕಾರಣವೆಂಬ ಮಾತು ಆಗ ಹಬ್ಬಿತ್ತು; ಅದನ್ನು ಊಹೆಯೆಂದೇ ಪರಿಗಣಿಸುವುದು ಲೇಸು. ಅದೇ ವರ್ಷ ಆಸ್ಟ್ರೇಲಿಯ ವಿರುದ್ಧದ ಸರಣಿಗೆ ಹಿಂತಿರುಗಿದರು. ಅದರ ಬೆನ್ನಿಗೆ ಬಂದ ಪಾಕಿಸ್ತಾನ ಸರಣಿಯಲ್ಲಿ 19 ಬಲಿ ಪಡೆದು ನರೇನ್ ತಮ್ಹಾನೆಯವರ ಭಾರತೀಯ ದಾಖಲೆಯನ್ನು ಸರಿಗಟ್ಟಿದರು.

1981–82ರಲ್ಲಿ ಇಂಗ್ಲೆಂಡ್ ವಿರುದ್ಧ ಸತತ ಮೂರು ಟೆಸ್ಟ್‌ಗಳಲ್ಲಿ ಎದುರಾಳಿ 1,964 ರನ್ ಗಳಿಸುವಾಗ ಕಿರ್ಮಾನಿ ಒಂದೂ ಬೈ ಬಿಟ್ಟುಕೊಡಲಿಲ್ಲ. ಕ್ಯಾಚು, ಸ್ಟಂಪಿಂಗುಗಳ ಸಂಖ್ಯೆ ಬೌಲರುಗಳು ಒದಗಿಸುವ ಅವಕಾಶಗಳನ್ನು ಅವಲಂಬಿಸಿದ್ದು; ಬೈ ಕೊಡದಿರುವುದು ಕೀಪರನ ಸ್ವಂತ ದುಡಿಮೆ. ಒಂದು ತುದಿಯಿಂದ ಕಪಿಲ್ ದೇವ್ ಹೊಸ ಚೆಂಡಿನಿಂದ, ಇನ್ನೊಂದೆಡೆ ದಿಲೀಪ್ ದೋಶಿ, ರವಿಶಾಸ್ತ್ರಿ ಎಡಗೈ ಸ್ಪಿನ್ನಿನಿಂದ ಬೌಲ್ ಮಾಡುತ್ತಿದ್ದಾಗ, ಹಿಂದೆ ನಿಲ್ಲುವುದು, ಹತ್ತಿರ ನಿಲ್ಲುವುದು ಎರಡನ್ನೂ ತಪ್ಪಿಲ್ಲದೆ ನಡೆಸಿದ ಈ ಸರಣಿ ಅವರ ಕೀಪಿಂಗಿನ ಶಿಖರವೆನ್ನಬಹುದು. 1982ರಲ್ಲಿ ಪದ್ಮಶ್ರೀ ಬಂತು.

1983ರ ವಿಶ್ವಕಪ್

ಆ ತಂಡದ ಮುಖ್ಯ ಬೌಲರುಗಳು ಕಪಿಲ್, ರೋಜರ್ ಬಿನ್ನಿ, ಮದನ್ ಲಾಲ್, ಬಲ್ವಿಂದರ್ ಸಂಧು, ಮೊಹಿಂದರ್ ಅಮರನಾಥ್. ಚೆಂಡನ್ನು ಸ್ವಿಂಗ್ ಮಾಡಿಸಿ ಬ್ಯಾಟಿನ ಅಂಚು ಹುಡುಕುವವರು. ಟೂರ್ನಿಯಲ್ಲಿ ಕಿರ್ಮಾನಿ 12 ಕ್ಯಾಚ್, 2 ಸ್ಟಂಪಿಂಗ್ ಮಾಡಿದರು. ಜಿಂಬಾಬ್ವೆ ವಿರುದ್ಧ ಲೆಸ್ಟರಿನಲ್ಲಿ ಒಂದೇ ಪಂದ್ಯದಲ್ಲಿ ಐದು ಕ್ಯಾಚ್ ಹಿಡಿದರು. ಫೈನಲ್‌ನಲ್ಲಿ ಸಂಧು ಎಸೆತಕ್ಕೆ ಫಾವುದ್ ಬ್ಯಾಕಸ್ ಅವರ ಕ್ಯಾಚನ್ನು ಬಲಕ್ಕೆ ಹಾರಿ ಹಿಡಿದಾಗ ವೆಸ್ಟ್ ಇಂಡೀಸ್ 76ಕ್ಕೆ ಆರು ವಿಕೆಟ್ ಕಳೆದುಕೊಂಡಿತು. ಟೂರ್ನಿಯ ಶ್ರೇಷ್ಠ ಕೀಪರ್ ಎಂಬ ಗೌರವವನ್ನು ಇಂಗ್ಲೆಂಡಿನ ಹಿರಿಯ ಕೀಪರ್ ಗಾಡ್‌ಫ್ರೀ ಇವಾನ್ಸ್ ಅವರ ಕೈಯಿಂದ ಪಡೆದರು.

ಜನ ನೆನೆಯುವುದು ಮಾತ್ರ ಜೂನ್ 18ರ ಟನ್‌ಬ್ರಿಜ್ ವೆಲ್ಸ್ ಪಂದ್ಯವನ್ನು. 17ಕ್ಕೆ ಐದು ವಿಕೆಟ್ ಕಳೆದುಕೊಂಡಿದ್ದ ಭಾರತ 140ಕ್ಕೆ ಎಂಟಾದಾಗ ಕಿರ್ಮಾನಿ ಕಪಿಲ್ ಜೊತೆಗೂಡಿದರು. ಮುರಿಯದ ಆ ಜೊತೆಯಾಟದಲ್ಲಿ 126 ರನ್ ಬಂದವು: ಕಪಿಲ್ ಒಟ್ಟು 175, ಕಿರ್ಮಾನಿ 24. ಏಕದಿನ ಪಂದ್ಯಗಳ ಒಂಬತ್ತನೆಯ ವಿಕೆಟ್ ದಾಖಲೆಯಾಗಿ ಅದು 2010ರವರೆಗೆ ನಿಂತಿತು. ಆ ಪಂದ್ಯದ ಚಿತ್ರೀಕರಣ ಆಗಲಿಲ್ಲ. ಹಾಗಾಗಿ 24ರ ಹಿಂದಿನ ಸಂಯಮವನ್ನು ಅಳೆಯಲು ಆಟಗಾರರ ನೆನಪುಗಳನ್ನೇ ನೆಚ್ಚಬೇಕು.

ಬ್ಯಾಟಿಂಗ್

ಟೆಸ್ಟ್ ಸರಾಸರಿ 27.04. ಎರಡೂ ಶತಕಗಳು ಬಂದದ್ದು ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ. 1979ರಲ್ಲಿ ಆಸ್ಟ್ರೇಲಿಯ ವಿರುದ್ಧ ರಾತ್ರಿ ಕಾವಲುಗಾರನಾಗಿ ಇಳಿದು ಔಟಾಗದೆ 101 ಗಳಿಸಿದರು. ಹಾಗೆ ಬಂದು ಶತಕ ಹೊಡೆದವರು ಅದಕ್ಕೆ ಮುಂಚೆ ಪಾಕಿಸ್ತಾನದ ನಸೀಮ್ ಉಲ್ ಘನಿ, ಆಸ್ಟ್ರೇಲಿಯದ ಟೋನಿ ಮಾನ್ ಇಬ್ಬರೇ. 1984ರಲ್ಲಿ ಇಂಗ್ಲೆಂಡ್ ವಿರುದ್ಧ 102 ಗಳಿಸಿ ರವಿಶಾಸ್ತ್ರಿಯವರೊಡನೆ ಏಳನೆಯ ವಿಕೆಟ್ಟಿಗೆ 235 ಸೇರಿಸಿದರು. 1983ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಸುನಿಲ್ ಗವಾಸ್ಕರ್ ಔಟಾಗದೆ 236 ಬಾರಿಸಿದಾಗ ಒಂಬತ್ತನೆಯ ವಿಕೆಟ್ಟಿಗೆ ಮುರಿಯದ 143 ರನ್ನಿನಲ್ಲಿ ಜೊತೆಗಿದ್ದವರೂ ಇವರೇ, ಔಟಾಗದೆ 63. ಇವರ ದೊಡ್ಡ ಇನಿಂಗ್ಸುಗಳು ಹೆಚ್ಚಾಗಿ ಇನ್ನೊಬ್ಬರ ಆಸರೆಗೆ ನಿಂತವು. ಅದೇ ವರ್ಷ ನಾಗಪುರದಲ್ಲಿ ಪಾಕಿಸ್ತಾನದ ಅಜೀಮ್ ಹಫೀಜ್ ಅವರನ್ನು ಬೌಲ್ಡ್ ಮಾಡಿ ಟೆಸ್ಟ್‌ನ ಏಕೈಕ ವಿಕೆಟ್ಟನ್ನೂ ಗಳಿಸಿದರು.

ಕೊನೆಯ ವರ್ಷಗಳು

1985ರ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಾವಳಿಗೆ ಬೆಂಗಳೂರಿನವರೇ ಆದ ಸದಾನಂದ ವಿಶ್ವನಾಥ್ ಕೀಪರ್ ಆದರು. ಕಿರ್ಮಾನಿ ಮರಳಿ ಬಂದು 1985–86ರಲ್ಲಿ ಆಸ್ಟ್ರೇಲಿಯ ಪ್ರವಾಸ ಮಾಡಿದರು. 1986ರ ಜನವರಿಯ ಸಿಡ್ನಿ ಟೆಸ್ಟ್ ಕೊನೆಯದಾಯಿತು. ಅದೇ ಪ್ರವಾಸದ ಏಕದಿನ ಪಂದ್ಯವೊಂದರಲ್ಲಿ ಗಾಯಗೊಂಡ ಮೇಲೆ ಭಾರತ ತಂಡಕ್ಕೆ ಹಿಂತಿರುಗಲಿಲ್ಲ. ಆ ಬೇಸಿಗೆಯ ಇಂಗ್ಲೆಂಡ್ ಪ್ರವಾಸದಿಂದ ಕಿರಣ್ ಮೋರೆ ಯುಗ ಶುರುವಾಯಿತು. ದೇಶೀಯ ಕ್ರಿಕೆಟ್ಟಿನಲ್ಲಿ ಮುಂದುವರಿದು ರೈಲ್ವೇಸ್ ತಂಡಕ್ಕೂ ಆಡಿದರು.

2003–04ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾಗಿದ್ದರು. 2015ರ ಸಾಲಿನ ಕರ್ನಲ್ ಸಿ.ಕೆ. ನಾಯುಡು ಜೀವಮಾನ ಸಾಧನೆ ಪ್ರಶಸ್ತಿಗೆ ಪಾತ್ರರಾದರು. ಅವರ ಆತ್ಮಕಥೆ ‘ಸ್ಟಂಪ್ಡ್’ 2024ರಲ್ಲಿ ಪ್ರಕಟವಾಯಿತು.